ಪಾಸ್ ಓವರ್ ಸಿಗದ ದಿನ

ನಾನು ಹುಟ್ಟಾ ಹೆದರುಪುಕ್ಕಲಿ. ದೆಹಲಿಯ ಜಿಲ್ಲಾ ಕೋರ್ಟಿನಲ್ಲಿ ವಕೀಲಳಾಗಿ ಇಷ್ಟು ಕಾಲ ಉಳಿದದ್ದೇ ಪಾಸ್ ಓವರ್ ಎಂಬ ಪದ್ಧತಿಯ ಪುಣ್ಯದಿಂದ. ಸೀನಿಯರ್ ಬೇರೆ ಕೋರ್ಟಿನಲ್ಲಿದ್ದರೆ ಜೂನಿಯರ್ ಎದ್ದು ಪಾಸ್ ಓವರ್ ಕೇಳುತ್ತಾಳೆ, ನ್ಯಾಯಾಧೀಶರು ಕೇಸನ್ನು ಆ ದಿನದ ಕೊನೆಗೆ ತಳ್ಳುತ್ತಾರೆ. ಇಲ್ಲಿ ಎಲ್ಲರ ಬದುಕೂ ಹೀಗೆಯೇ ಸಾಗುತ್ತದೆ.

ಆ ದಿನದ ಕಕ್ಷಿದಾರರು ಮುನಿರ್ಕಾದ ಫ್ಲಾಟಿನಲ್ಲಿ ಒಬ್ಬರೇ ಇದ್ದ ಕನ್ನಡದ ಹೆಂಗಸು. ಗಂಡ ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದು ತೀರಿಕೊಂಡಿದ್ದರು. ಅಣ್ಣ ಕೊನೆಗಾಲದಲ್ಲಿ ತನ್ನೆದುರೇ ಸಹಿ ಹಾಕಿ ಫ್ಲಾಟನ್ನು ತನಗೆ ಬರೆದುಕೊಟ್ಟ ಎಂದು ಆಕೆಯ ಮೈದುನ ದಾವೆ ಹೂಡಿದ್ದ. ಅವನನ್ನು ಪಾಟೀ ಸವಾಲಿಗೆ ಒಳಪಡಿಸಲು ನಮಗೆ ಅದೇ ಕೊನೆಯ ಅವಕಾಶ. ತಪ್ಪಿದರೆ ಅವನ ಮಾತೇ ಸತ್ಯವೆಂದು ಉಳಿಯುತ್ತದೆ, ಆಕೆ ಮನೆ ಬಿಡಬೇಕು.

ಮೊದಲ ಸಲ ಪಾಸ್ ಓವರ್ ಸಿಕ್ಕಿತು. ಹೊರಗೆ ಬೆಂಚಿನ ಮೇಲೆ ಕಾಯುವಾಗ ಆಕೆ ಗೊಣಗಿದರು. "ಎದುರಿಗೇ ಸಹಿ ಹಾಕಿದ್ರಂತೆ! ಆ ಕಾಗದದ ತಾರೀಖಿಗೆ ಮೊದ್ಲೇ ಸ್ಟ್ರೋಕ್ ಆಗಿ ಅವ್ರ ಬಲಗೈ ಎತ್ತೋಕೇ ಆಗ್ತಿರ್ಲಿಲ್ಲಮ್ಮ. ತುತ್ತು ನಾನೇ ಇಡ್ತಿದ್ದೆ. ಇವ್ನು ಒಂದು ದಿನ ನೋಡೋಕೆ ಬಂದವ್ನಲ್ಲ."

"ಇದನ್ನ ಮುಂಚೆ ಹೇಳ್ಬಾರ್ದಿತ್ತಾ ಅಮ್ಮ?"

"ಯಾರು ಕೇಳಿದ್ರು? ಮನೆ ಕಾಗದ ಕೊಡಿ ಅಂದ್ರು, ಕೊಟ್ಟೆ."

ಸೀನಿಯರ್ ಬಂದೊಡನೆ ಹೇಳಬೇಕು ಅಂದುಕೊಂಡೆ. ಅವರು ಬರಲೇ ಇಲ್ಲ.

ಎರಡನೇ ಸಲ ಕರೆದಾಗ ಎದ್ದು ಮತ್ತೆ ಪಾಸ್ ಓವರ್ ಕೇಳಿದೆ. ಎದುರು ವಕೀಲ ಕಾನೂನಿನ ಪುಸ್ತಕ ತೆರೆದ. ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ ಎಂಬುದು ಮುಂದೂಡಲು ಕಾರಣವಾಗದು ಎಂದು ಓದಿದ. ನಾನೂ ಬಿಡಲಿಲ್ಲ, ಸೀನಿಯರ್ ಕೊಟ್ಟಿದ್ದ ತೀರ್ಪುಗಳ ಕಟ್ಟು ಬಿಚ್ಚಿದೆ. ನ್ಯಾಯಾಧೀಶರು ಕೈ ಎತ್ತಿ ತಡೆದರು.

"ವಕಾಲತ್ತಿನಲ್ಲಿ ನಿಮ್ಮ ಹೆಸರಿದೆಯೇ?"

ಇತ್ತು. ಆಫೀಸಿಗೆ ಸೇರಿದ ದಿನದಿಂದ ಮುಂದಿಟ್ಟ ವಕಾಲತ್ತು ಪತ್ರಕ್ಕೆಲ್ಲ ಸಹಿ ಹಾಕುತ್ತ ಬಂದವಳು ನಾನು, ಎಲ್ಲ ಜೂನಿಯರ್‌ಗಳ ಹಾಗೆ.

"ಹಾಗಾದರೆ ನೀವೇ ಸವಾಲು ಮಾಡಿ. ಇಲ್ಲವಾದರೆ ಅವಕಾಶ ಮುಗಿಯಿತೆಂದು ಬರೆಸುತ್ತೇನೆ."

ಏನೇನೋ ಕೇಳಿದೆ, ಮೈದುನ ಎಲ್ಲಕ್ಕೂ ನಗುತ್ತಲೇ ಉತ್ತರಿಸಿದ. ಸವಾಲಿನಲ್ಲಿ ಅಲ್ಲಗಳೆಯದ ಮಾತನ್ನು ಒಪ್ಪಿದಂತೆ ಎಣಿಸಬಹುದೆಂಬ ತೀರ್ಪುಗಳು ನನಗೆ ಬಾಯಿಪಾಠ. ಅದಕ್ಕೇ ಇನ್ನಷ್ಟು ಭಯ. ಏನೋ ಬಿಟ್ಟುಹೋಗಿದೆ, ಏನೆಂದು ಹೊಳೆಯುತ್ತಿಲ್ಲ.

"ಮುಗಿಯಿತೇ?" ನ್ಯಾಯಾಧೀಶರು ಕೇಳಿದರು.

ಹಿಂದಿರುಗಿ ನೋಡಿದೆ. ಆಕೆ ಕೊನೆಯ ಸಾಲಿನಲ್ಲಿ ಕೂತು, ಎಡಗೈಯಿಂದ ತಮ್ಮ ಬಲಗೈಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದಿದ್ದರು.

"ಇನ್ನೊಂದೇ ಪ್ರಶ್ನೆ" ಅಂದೆ. "ನಿಮ್ಮ ಅಣ್ಣ ಯಾವ ಕೈಯಲ್ಲಿ ಸಹಿ ಹಾಕಿದರು?"

"ಬಲಗೈಯಲ್ಲಿ. ಮತ್ತೆ ಯಾವುದರಲ್ಲಿ ಹಾಕ್ತಾರೆ? ನಾನು ಪಕ್ಕದಲ್ಲೇ ನಿಂತಿದ್ದೆ."

ಟೈಪಿಸ್ಟ್ ಅದನ್ನು ಹಾಗೇ ಬರೆದುಕೊಂಡ. ಹಿಂದಿನ ಸಾಲಿನಲ್ಲಿ ಆಕೆ ಬಿಕ್ಕಿದ್ದು ಕೇಳಿಸಿತು. ತೀರ್ಪು ಇನ್ನೂ ದೂರವಿತ್ತು, ನನ್ನ ಹೆದರಿಕೆಯೂ ಇಳಿದಿರಲಿಲ್ಲ.

ಹೊರಬಂದಾಗ ಫೋನಿನಲ್ಲಿ ಸೀನಿಯರ್ ಮೆಸೇಜ್ ಇತ್ತು: "ಪಾಸ್ ಓವರ್ ಮಿಲಾ?" ಸಿಕ್ಕಿತಾ ಎಂದು. ಉತ್ತರ ಬರೆಯಹೋದೆ. ಹೆದರಿಕೆಗೋ ಏನೋ, ನನ್ನ ಬಲಗೈ ಏಳಲೇ ಇಲ್ಲ.