ತಾಮ್ರದ ಕೊಡ ಮತ್ತು ಬ್ಯಾಟರಿ ನೀರು

ನಮ್ಮವರ ಹೆಸರು ಗುಡ್ಡಪ್ಪ. ಬದುಕಿದ್ದಾಗ ಆ ಹೆಸರು ನನ್ನ ಬಾಯಿಗೆ ಬರಲಿಲ್ಲ. ಹೋಗಿ ಎಂಟು ತಿಂಗಳಾಯಿತು. ಈಗ ಬರೆಯುತ್ತೇನೆ.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಗಾಜು ಕೊರೆಯುತ್ತಿದ್ದರು. ತೊಂಬತ್ತೇಳರಲ್ಲಿ ಕೆಲಸ ಹೋಯಿತು. ಲಕಮನಹಳ್ಳಿಯ ನಮ್ಮ ಮಾಳಿಗೆಯ ಮೇಲೆ ಆರು ಪೆಟ್ಟಿಗೆ ಮಾಡಿದರು. ತಳಕ್ಕೆ ಕರಿ ಬಣ್ಣ, ಮೇಲೆ ಓರೆ ಗಾಜು, ಒಳಗೆ ಬೋರಿನ ಸವಳು ನೀರು. ಬಿಸಿಲಿಗೆ ನೀರು ಆವಿಯಾಗಿ ಗಾಜಿಗೆ ಹತ್ತಿ, ಜಾರಿ ಕ್ಯಾನಿಗೆ ಬೀಳುತ್ತಿತ್ತು. ಉಪ್ಪು ಕೆಳಗೇ ಉಳಿಯುತ್ತಿತ್ತು.

ಬೇಸಿಗೆಯಲ್ಲಿ ಪೆಟ್ಟಿಗೆಗೆ ದಿನಕ್ಕೆ ಮೂರು ಲೀಟರ್. ಮಳೆಗಾಲದಲ್ಲಿ ಒಂದು ತಂಬಿಗೆಯೂ ಇಲ್ಲ. ಬಿಸಿಲು ಪುಕ್ಕಟೆ, ಗಾಜು ಪುಕ್ಕಟೆಯಲ್ಲ. ಕುಡಿಯಲು ಮಾರಿದರೆ ಗಾಜಿನ ಖರ್ಚೂ ಹುಟ್ಟದು. ಬ್ಯಾಟರಿಗೆ ಹಾಕಲು ಇಂಥ ಉಪ್ಪಿಲ್ಲದ ನೀರೇ ಬೇಕು; ಅದಕ್ಕೆ ಮಾರಿದರೆ ಎರಡು ಬೇಸಿಗೆಗೆ ಹುಟ್ಟುತ್ತದೆ. ಕೊಳ್ಳಲು ಒಪ್ಪಿದ್ದು ಬ್ಯಾಟರಿ ಅಂಗಡಿಯ ಹುಸೇನಬಾಷಾ ಒಬ್ಬರೇ. ಅವರು ಬಿಟ್ಟರೆ ನಮ್ಮವರು ಕೆಲಸ ಕೇಳುತ್ತ ಮತ್ತೆ ಕಾರ್ಖಾನೆಗಳ ಗೇಟು ಗೇಟು ಅಲೆಯಬೇಕಿತ್ತು.

ಮಧ್ಯಾಹ್ನ ಮೆಟ್ಟಿಲ ನೆರಳಲ್ಲಿ ಕುಳಿತು ಇಬ್ಬರೂ ಗಾಜು ನೋಡುತ್ತಿದ್ದೆವು. ಒಳಗೆ ಮಂಜು. ಒಂದು ಹನಿ ಇನ್ನೊಂದನ್ನು ಕೂಡಿಕೊಂಡು ಮೆಲ್ಲಗೆ ಜಾರುವುದು. ನನಗೆ ಕಣ್ಣು ಎಳೆಯುತ್ತಿತ್ತು. ಧಾರವಾಡವೆಲ್ಲ ನೀರೊಳಗೆ ತೇಲಿದಂತೆ, ನಾವೂ ತೇಲಿದಂತೆ.

ಮೊದಲ ಸಲ ಅಂಗಡಿಗೆ ಒಯ್ಯುವ ಹಿಂದಿನ ದಿನ ಕ್ಯಾನಿಗೆ ಮೂಗಿಟ್ಟೆ. ಪ್ಲಾಸ್ಟಿಕ್ ವಾಸನೆ. ಇಷ್ಟು ಶುದ್ಧ ನೀರು ಇದರಲ್ಲೇ? ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಅದಕ್ಕೆ ಸುರಿದೆ. ಬೆಳಿಗ್ಗೆ ತಿರುಗಿ ಕ್ಯಾನಿಗೆ ತುಂಬಿದೆ. ಅವರಿಗೆ ಹೇಳಲಿಲ್ಲ.

ವಾರ ಕಳೆದು ಹುಸೇನಬಾಷಾ ಮನೆಗೇ ಬಂದರು.

“ಗುಡ್ಡಪ್ಪಣ್ಣ, ಮೂರು ಬ್ಯಾಟರಿ ಕೆಟ್ಟು ಕುಂತಾವ. ಏನ್ ಕುಡಿಸೀಪಾ ಅವಕ್ಕ?”

“ಬರೇ ಬಿಸಲಿನ ನೀರ್ರಿ. ಖರೇ.”

ನಾನು ಬಾಗಿಲಲ್ಲೇ ನಿಂತು, “ತಾಮ್ರದ ಕೊಡದಾಗ ಇಟ್ಟಿದ್ನಿರಿ,” ಅಂದೆ.

“ತಾಮ್ರದಾಗ? ತಾಮ್ರ ಬ್ಯಾಟರಿಗೆ ಇಷ ನೋಡವಾ! ಅದಕ್ಕೇನ್ ತೀರ್ಥಾ ಕೊಡಾಕಿದ್ದಿ?”

ನಮ್ಮವರು ನನ್ನ ಮುಖ ನೋಡಿದರು. ಬೈಯಲಿಲ್ಲ. “ತಪ್ಪು ನಂದರಿ. ಆಕಿಗೆ ನಾನ ಹೇಳಿದ್ದಿಲ್ಲ. ಈ ಬ್ಯಾಸಗಿ ಪೂರಾ ನೀರು ಪುಕ್ಕಟ ಒಯ್ರಿ. ಬಿಡಬ್ಯಾಡ್ರಿ.”

“ಒಂದು ತಿಂಗಳು ಸಾಕು. ಕ್ಯಾನು ನೀನ ತುಂಬು, ಅಕ್ಕಗ ಮುಟ್ಟಾಕ ಕೊಡಬ್ಯಾಡ.”

ಎಂಟು ಬೇಸಿಗೆ ಒಯ್ದರು. ಆಮೇಲೆ ಯಂತ್ರದ ನೀರು ಅರ್ಧ ದರಕ್ಕೆ ಬಂತು. ಇನ್ನು ನಿಮ್ಮ ನೀರು ಬೇಡ ಎಂದು ಹುಸೇನಬಾಷಾ ಬಂದು ತಲೆ ತಗ್ಗಿಸಿ ಹೇಳಿದರು.

“ಬಿಡ್ರಿ, ಗಾಜಿನ ಖರ್ಚು ಯಾವಾಗೋ ಹುಟ್ಟೇತಿ,” ಅಂದರು ನಮ್ಮವರು.

ಮರುದಿನವೂ ಪೆಟ್ಟಿಗೆಗೆ ನೀರು ತುಂಬುತ್ತಿದ್ದರು. “ಇನ್ನ ಯಾರಿಗ್ರಿ?” ಅಂದೆ.

“ಬಿಸಲು ಬಂದೈತಿ. ಬರಿಗೈಲೆ ಕಳಸೂದೇನ?”

ಹೋದ ಬೇಸಿಗೆಯವರೆಗೂ ಅವರು ತುಂಬುತ್ತಲೇ ಇದ್ದರು. ಈ ಬೇಸಿಗೆ ನಾನು ತುಂಬಿಲ್ಲ. ಬಿಸಿಲು ಬಂದು ಹೋಗುತ್ತಿದೆ.