ಪೂಜಾರಿ ಬರುವ ತನಕ

ಕಮಲಾಪುರದಿಂದ ಹಂಪಿಗೆ ಹೊರಟವನು ಬಾಳೆತೋಟದ ನಡುವೆ ಶಿಖರವೊಂದನ್ನು ಕಂಡು ಆಟೊ ಇಳಿದೆ. ಪುರಾತನ ಕಲ್ಲುಗುಡಿ; ಹೆಸರು ಹೇಳುವ ಫಲಕವೂ ಇರಲಿಲ್ಲ. ಬಾಗಿಲು ತೆರೆದಿತ್ತು. ಒಳಗೆ ಒಣಗಿದ ಲಿಂಗ, ಪಕ್ಕದಲ್ಲಿ ಖಾಲಿ ತಂಬಿಗೆ. ಬಿಸಿಲೇರಿದರೂ ಪೂಜೆಯಾಗಿಲ್ಲವಲ್ಲ ಎಂದು ಪೂಜಾರಿಯ ಮೇಲೆ ಸಿಟ್ಟು ಬಂತು. ಅವನು ಬರಲಿ, ಎರಡು ಮಾತು ಅಂದೇ ಹೋಗೋಣವೆಂದು ತಣ್ಣನೆಯ ಕಂಬಕ್ಕೆ ಒರಗಿ ಕುಳಿತೆ. ಗುಡಿಯ ಪಕ್ಕದಲ್ಲೇ ಹರಿಯುತ್ತಿದ್ದ ಕಾಲುವೆಯ ಸದ್ದು ದೂರವಾಗುತ್ತಾ ಹೋಯಿತು. ಬಾಳೆ ಎಲೆಗಳ ಹಸಿರು ಬೆಳಕು ಚಾವಣಿಯ ಮೇಲೆ ತೂಗುತ್ತಿತ್ತು. ನಾನು ಮೆಲ್ಲಗೆ ಆ ಕಲ್ಲಿನೊಳಗೇ ಇಳಿದುಹೋದಂತೆನಿಸಿತು.

ಕಣ್ಣು ಬಿಟ್ಟಾಗ ತೋಟದ ಕೆಲಸದ ನಾಲ್ವರು ಹೆಂಗಸರು ಎದುರಿಗೆ ಸುಮ್ಮನೆ ಕುಳಿತಿದ್ದರು.

"ಪೂಜಾರಿ ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದೆ.

"ಪೂಜಾರಿ ಅಂತ ಯಾರೂ ಇಲ್ರಿ," ಎಂದಳು ಅವರಲ್ಲಿ ಹಿರಿಯಳು. "ದಿನಾ ಯಾರು ಮದ್ಲು ಬರ್ತಾರೋ ಅವ್ರ ನೀರು ಹಾಕಬೇಕು. ಇವತ್ತು ನೀವ ಮದ್ಲು ಬಂದೀರಿ."

ಕಾಲುವೆಯಿಂದ ತಂಬಿಗೆ ತುಂಬಿ ತಂದು ಲಿಂಗದ ಮೇಲೆ ಸುರಿದೆ. ಮಂತ್ರ ಒಂದೂ ನೆನಪಾಗಲಿಲ್ಲ. ತಿರುಗಿದರೆ ತೀರ್ಥಕ್ಕೆ ನಾಲ್ಕು ಅಂಗೈಗಳು ಚಾಚಿದ್ದವು.

"ನನ್ನನ್ನು ಎಬ್ಬಿಸಬಾರದಿತ್ತೇ?" ಎಂದೆ.

"ಪೂಜಾರಿನ ಹೆಂಗ ಎಬ್ಬಸೋದ್ರಿ?" ಎಂದಳು ಹಿರಿಯಳು.