ಓನರ್ ಆಂಟಿ ಅಳಿಸಿದ ಚುಕ್ಕೆ

ಓನರ್ ಆಂಟಿಯ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದ ಒಂಬತ್ತನ್ನೂ ಬುಡದವರೆಗೆ ಕತ್ತರಿಸಿಕೊಂಡು, ಅದೊಂದನ್ನು ಅಕ್ಕಿಕಾಳಿನಷ್ಟು ಬಿಟ್ಟು, ತುದಿಯನ್ನು ನೇರವಾಗಿ ಉಜ್ಜಿಕೊಳ್ಳುತ್ತಿದ್ದರು. ಹೊಸ ಪಾತ್ರೆ ಕೊಂಡರೆ ಅದರ ಅಂಚಿನ ಮೇಲೆ ಆ ಉಗುರು ಒಮ್ಮೆ ಓಡಲೇಬೇಕು. ಗಾಜಿನ ಲೋಟ, ಕುಕ್ಕರಿನ ಮುಚ್ಚಳ, ಮಹಡಿ ಮೆಟ್ಟಿಲಿನ ಕಂಬಿ, ಯಾವುದನ್ನೂ ಅವರು ಬಿಟ್ಟವರಲ್ಲ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಪಾತ್ರೆ ಅಂಗಡಿಯವನು ದೂರದಿಂದಲೇ ಅವರನ್ನು ಕಂಡು, "ಬಂದ್ರಪ್ಪ ಇನ್ಸ್‌ಪೆಕ್ಟ್ರಮ್ಮ" ಎಂದು ಸ್ಟೂಲ್ ಎಳೆದು ಹಾಕುತ್ತಿದ್ದ.

ಅವನು ತಮಾಷೆಗೆ ಅಂದರೂ ಅದು ನಿಜವೇ ಆಗಿತ್ತು. ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಅವರ ಇಡೀ ನೌಕರಿ ಕಬ್ಬಿಣ, ಅಲ್ಯುಮಿನಿಯಮ್ಮಿನ ತುಂಡುಗಳಲ್ಲಿ ಬಿರುಕು ಹುಡುಕುವುದರಲ್ಲೇ ಕಳೆದಿತ್ತು. ಅವರ ಹೆಸರಿನಲ್ಲಿ ಒಂದು ಪುಟ್ಟ ಸ್ಟಾಂಪ್ ಇತ್ತಂತೆ. ಅದು ಬಿದ್ದರೆ ಮಾತ್ರ ಆ ಭಾಗ ಮುಂದಿನ ಮೇಜಿಗೆ ಹೋಗಬೇಕು. ಹಲಸೂರಿನಲ್ಲಿ ಹುಟ್ಟಿ ಬೆಳೆದವರು, ಮನೆಮಾತು ತಮಿಳು. ನನ್ನೊಡನೆ ಕನ್ನಡ, ಕೋಪ ಬಂದರೆ ಎರಡೂ. ಅವರ ಮನೆಯ ಕೆಳಭಾಗದಲ್ಲಿ ನಾವು ಬಾಡಿಗೆಗೆ ಇದ್ದೆವು. ನಾನು ಇಂದಿರಾನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷಿಸಿ ನಂಬರು ಬರೆದುಕೊಡುವವನು. ಅವರು ನನ್ನನ್ನು ಕರೆಯುತ್ತಿದ್ದುದು "ಏನಪ್ಪಾ ಡಾಕ್ಟ್ರೇ" ಎಂದು. ಆ ಕರೆಯಲ್ಲಿ ಗೌರವಕ್ಕಿಂತ ಗೇಲಿ ಹೆಚ್ಚು.

ನನಗೊಂದು ಹುಚ್ಚಿತ್ತು, ಈಗಲೂ ಇದೆ. ಹಳೆಯ ಫೋರ್ ವೀಲ್ ಜೀಪು. ಭಾನುವಾರ ಅದನ್ನು ಕೋಲಾರದ ಕಡೆಯ ಬಂಡೆಗಳ ಮೇಲೆ ಹತ್ತಿಸುವುದು, ಅದು ಮುರಿದುಕೊಂಡಿದ್ದನ್ನು ಮುಂದಿನ ಭಾನುವಾರ ಮನೆಯ ಮುಂದೆ ಸರಿಮಾಡುವುದು. ಶಿವಾಜಿನಗರದ ಗುಜರಿ ಬೀದಿಯಲ್ಲಿ ಒಬ್ಬ ವೆಲ್ಡರ್ ಹತ್ತಿರ ಕೂತು ಕೆಲಸ ಕಲಿತು, ಒಂದು ಸಣ್ಣ ವೆಲ್ಡಿಂಗ್ ಮಷೀನನ್ನೂ ತಂದಿಟ್ಟುಕೊಂಡಿದ್ದೆ. ಮೊದಲ ಸಲ ಚಾಸಿ, ಅಂದರೆ ಜೀಪಿನ ಬುಡದ ಕಬ್ಬಿಣದ ಚೌಕಟ್ಟು, ಬಿರುಕು ಬಿಟ್ಟಾಗ, ಇಷ್ಟೇ ತಾನೇ ಅಂದುಕೊಂಡು ಜೀಪಿನಡಿ ತೂರಿದೆ. ವೆಲ್ಡಿಂಗ್ ಹಚ್ಚಬೇಕು ಅನ್ನುವಷ್ಟರಲ್ಲಿ ಪಕ್ಕದಲ್ಲಿ ಎರಡು ಹವಾಯಿ ಚಪ್ಪಲಿ ಕಾಣಿಸಿದವು. ಸದ್ದಿಗೆ ಬಯ್ಯಲು ಆಂಟಿ ಬಂದಿದ್ದಾರೆಂದು ಮಷೀನ್ ಆರಿಸಿದೆ.

"ಆ ಬಿರುಕು ಎಲ್ಲಿ ಮುಗಿಯುತ್ತೆ?"

"ಇಲ್ಲೇ ಆಂಟಿ, ಕಾಣ್ತಿದೆಯಲ್ಲ."

"ನಿನ್ನ ಕಣ್ಣಿಗೆ ಇಲ್ಲಿ. ಕಬ್ಬಿಣಕ್ಕೆ ಎಲ್ಲೋ. ಈಚೆ ಬಾ."

ಮೇಲಿನಿಂದ ಅಡುಗೆಮನೆಯ ಮಣೆ, ರೇಷನ್ ಕಾಲದಿಂದ ಉಳಿಸಿಕೊಂಡಿದ್ದ ಸೀಮೆಎಣ್ಣೆ ಬಾಟಲಿ, ಒಂದು ಡಬ್ಬಿ ಚಾಕ್‌ಪುಡಿ ಕೆಳಗಿಳಿದವು. ಮುಂದಿನ ಚಕ್ರದ ಪಕ್ಕದಲ್ಲಿ ಮಣೆ ಹಾಕಿ ಕೂತು, ಬಿರುಕಿನ ಸುತ್ತ ಸೀಮೆಎಣ್ಣೆ ಹಚ್ಚಿದರು. "ಈಗ ಒಂದು ಕಾಫಿ" ಅಂದರು. ಗಡಿಯಾರ ನೋಡುವುದಲ್ಲ, ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಕಾಯಬೇಕು ಎಂದು ಅರ್ಥ. ಆಮೇಲೆ ಬಟ್ಟೆಯಿಂದ ಒಣಗುವಂತೆ ಒರೆಸಿ ಮೇಲೆ ಚಾಕ್‌ಪುಡಿ ಉದುರಿಸಿದರು. ಒಳಗೆ ಇಂಗಿದ್ದ ಎಣ್ಣೆ ನಿಧಾನವಾಗಿ ಮೇಲೆ ಬಂದು, ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು. ನಾನು ಬೆರಳಿಟ್ಟಿದ್ದ ಜಾಗಕ್ಕಿಂತ ಎರಡು ಇಂಚು ಮುಂದಕ್ಕೆ ಹೋಗಿತ್ತು.

"ಅದರ ಕೊನೇಲಿ ಒಂದು ತೂತು ಕೊರಿ. ಬಿರುಕಿಗೆ ಅಲ್ಲಿ ದಾರಿ ಮುಗೀಬೇಕು. ಇಲ್ದಿದ್ರೆ ನಿನ್ನ ವೆಲ್ಡಿಂಗ್ ಪಕ್ಕದಲ್ಲೇ ನಗ್ತಾ ನಗ್ತಾ ಹೋಗುತ್ತೆ."

ಅಂದಿನಿಂದ ಅದು ನಮ್ಮ ಪದ್ಧತಿಯಾಯಿತು. ಅವರು ಬಿರುಕಿನ ಕೊನೆಗೆ ಗುರುತು ಹಾಕಿದರೆ ನಾನು ಅಲ್ಲಿ ಕೊರೆಯುವುದು. ಬಿರುಕನ್ನು ಗ್ರೈಂಡರಿನಿಂದ ತೋಡಿ, ಒಂದಂಗುಲ ಒಂದಂಗುಲವಾಗಿ ಬೆಸೆದು, ಆರಲು ಬಿಡುವುದು. ಬೆಸೆಯುವಾಗ ಅವರು ಕಿಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು, ಹೋಗುತ್ತಿರಲಿಲ್ಲ. ಕೊನೆಗೆ ಮತ್ತೆ ಸೀಮೆಎಣ್ಣೆ, ಮತ್ತೆ ಕಾಫಿ, ಮತ್ತೆ ಚಾಕ್. ಗೆರೆ ಬರದಿದ್ದರೆ ಸೊಂಟದಿಂದ ಕೆಂಪು ನೈಲ್ ಪಾಲಿಶ್ ಬಾಟಲಿ ತೆಗೆದು ಬೆಸುಗೆಯ ಪಕ್ಕ ಒಂದು ಚುಕ್ಕೆ ಇಡುತ್ತಿದ್ದರು. ಜೀವನದಲ್ಲಿ ಒಮ್ಮೆಯೂ ಉಗುರಿಗೆ ಬಣ್ಣ ಹಚ್ಚದ ಹೆಂಗಸು ಆ ಬಾಟಲಿಯನ್ನು ನನ್ನ ಜೀಪಿಗಾಗಿ ಕೊಂಡಿದ್ದರು. "ಸ್ಟಾಂಪ್ ರಿಟೈರ್ ಆದ ದಿನ ವಾಪಸ್ ಇಸ್ಕೊಂಡ್ರು. ಇದನ್ನ ಯಾರು ಇಸ್ಕೋತಾರೆ?" ಅನ್ನುವರು. ಕೆಲವೇ ವರ್ಷಗಳಲ್ಲಿ ಚಾಸಿಯ ಮೇಲೆ ಆರು ಚುಕ್ಕೆ ಸೇರಿದವು. ಗೆಳೆಯರೆಲ್ಲ ಬಂಡೆಯ ಮುಂದೆ ಹಿಂದೆಮುಂದೆ ನೋಡುವಾಗ ನಾನು ಆ ಚುಕ್ಕೆಗಳ ಧೈರ್ಯದ ಮೇಲೆ ಜೀಪು ಹತ್ತಿಸಿಬಿಡುತ್ತಿದ್ದೆ.

ಏಳನೆಯದು ಸ್ಟಿಯರಿಂಗ್ ಬಾಕ್ಸ್ ಕೂತಿರುವ ಜಾಗದಲ್ಲಿ ಬಂದ ಬಿರುಕು. ಅಲ್ಲಿ ಚಾಸಿ ಹರಿದರೆ ಸ್ಟಿಯರಿಂಗ್ ಕೈಯಲ್ಲಿದ್ದರೂ ಚಕ್ರ ಮಾತು ಕೇಳುವುದಿಲ್ಲ. ಆ ಭಾನುವಾರ ಬೆಳಿಗ್ಗೆ, ಆರು ವರ್ಷದ ನನ್ನ ಮಗಳನ್ನು ಮೊದಲ ಸಲ ಬೆಟ್ಟಕ್ಕೆ ಕರೆದೊಯ್ಯುವುದಿತ್ತು. ಅವಳು ಅದಕ್ಕಾಗಿ ವಾರವಿಡೀ ಕುಣಿದಿದ್ದಳು. ಶನಿವಾರ ಆಂಟಿ ಗುರುತು ಹಾಕಿದರು, ನಾನು ಕೊರೆದೆ, ಬೆಸೆದೆ. ಕೊನೆಯ ಚಾಕ್ ಹಾಕುವಾಗ ನಾನು ಒಳಗೆ ಟೆಂಟು ಕಟ್ಟುತ್ತಿದ್ದೆ. ಬಂದು ನೋಡಿದರೆ ಪುಡಿ ಒರೆಸಿಯಾಗಿತ್ತು, ಕೆಂಪು ಚುಕ್ಕೆ ಕೂತಿತ್ತು.

ಬೆಳಿಗ್ಗೆ ಗೇಟು ತೆಗೆಯಲು ಹೋದರೆ ಆಂಟಿ ಜೀಪಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ತಲೆ ಬಾಚಿರಲಿಲ್ಲ. ಕೈಯಲ್ಲಿ ಕಬ್ಬಿಣ ಉಜ್ಜುವ ಎಮರಿ ಪೇಪರ್.

"ಮಗೂನ ಇಳಿಸು."

"ಆಂಟಿ, ಎಲ್ಲ ಕಾಯ್ತಿದಾರೆ. ನಿನ್ನೆ ನೀವೇ ಓಕೆ ಅಂದ್ರಲ್ಲ?"

"ಅಂದೆ. ಆದ್ರೆ ನನಗೆ ಕಾಣ್ಲಿಲ್ಲಪ್ಪ. ಗೆರೆ ಇದೆಯೋ ಇಲ್ವೋ ನನಗೆ ಕಾಣ್ಲೇ ಇಲ್ಲ. ಹೇಳೋಕೆ ನಾಚಿಕೆ ಆಯ್ತು, ಚುಕ್ಕೆ ಇಟ್ಟೆ."

ಹಿಂದಿನ ಸೀಟಿನಲ್ಲಿ ಮಗಳು ಅಳಲು ಶುರುಮಾಡಿದಳು. ನನಗೂ ರೇಗಿತು. ಇಷ್ಟು ಹೊತ್ತಿನಲ್ಲಿ ಇದೇನು ಅನ್ನಿಸಿತು. "ಪರವಾಗಿಲ್ಲ ಆಂಟಿ, ನಾನೂ ನೋಡಿದೀನಿ" ಅಂದುಬಿಟ್ಟೆ.

"ನೀನು ವೆಲ್ಡಿಂಗ್ ನೋಡ್ಲಿಲ್ಲ. ನನ್ನ ಚುಕ್ಕೆ ನೋಡ್ದೆ."

ಅಷ್ಟು ಹೇಳಿ ಅವರು ಚಕ್ರದ ಮಗ್ಗುಲಿಗೆ ಕೈಹಾಕಿ ಆ ಚುಕ್ಕೆಯನ್ನು ಉಜ್ಜತೊಡಗಿದರು. ಕೆಂಪು ಹೋಯಿತು, ಅದರಡಿಯ ಕಪ್ಪು ಬಣ್ಣವೂ ಹೋಯಿತು, ರೂಪಾಯಿಯಗಲ ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೂ ಅವರು ನಿಲ್ಲಿಸಲಿಲ್ಲ.

ಸೀಮೆಎಣ್ಣೆ ಹಚ್ಚಿದೆವು. ಯಾರಿಗೂ ಕಾಫಿ ಬೇಕಿರಲಿಲ್ಲ, ಅಷ್ಟೇ ಹೊತ್ತು ಕಾದೆವು. ಈ ಸಲ ಚಾಕ್ ಉದುರಿಸಿದವನು ನಾನು. ಕಪ್ಪು ಗೆರೆ ಎದ್ದಿತು. ನಾನು ಕೊರೆದ ತೂತನ್ನು ದಾಟಿ ಸ್ಟಿಯರಿಂಗ್ ಬಾಕ್ಸಿನ ಬೋಲ್ಟಿನವರೆಗೂ ಹೋಗಿತ್ತು. ಅವರು ಹಾಕಿದ ಗುರುತೇ ಹಿಂದೆ ಉಳಿದಿತ್ತು, ಆ ಗುರುತನ್ನು ನಂಬಿ ನಾನು ಅರ್ಧ ಬಿರುಕನ್ನು ಮಾತ್ರ ಬೆಸೆದಿದ್ದೆ. ಹಿಂದಿನ ಸೀಟಿನಲ್ಲಿ ಮಗಳು ಇನ್ನೂ ಬಿಕ್ಕುತ್ತಿದ್ದಳು. ಎದ್ದು ಹೋಗಿ ಅವಳನ್ನು ಇಳಿಸಿ ನೆಲದ ಮೇಲೆ ನಿಲ್ಲಿಸಿದೆ.

"ಇದೆಯಾ?" ಎಂದು ಕೇಳಿದರು ಆಂಟಿ. ಗೆರೆ ಅವರ ಮುಖದ ಮುಂದೆಯೇ ಇತ್ತು.

"ಇದೆ ಆಂಟಿ."

ಸೋಮವಾರ ಅವರನ್ನು ಅಂಗಡಿಗೆ ಕರೆದೊಯ್ದೆ. ಚೌಕಳಿ ಗೆರೆಗಳ ಕಾರ್ಡು ಹಿಡಿದು ನಡುವಿನ ಚುಕ್ಕೆ ನೋಡಿ ಅಂದರೆ, "ನಡುವೆ ಏನಿದೆ, ಬರೀ ಮಸಿ" ಅಂದರು. ಸುತ್ತಲಿನ ಗೆರೆಗಳು ಡೊಂಕಂತೆ. ಕಣ್ಣಿನ ಹಿಂದಿನ ಪರದೆ ನಡುವೆ ಸವೆದಿತ್ತು. ದೊಡ್ಡ ಆಸ್ಪತ್ರೆಯವರೂ ಅದನ್ನೇ ಹೇಳಿದರು, ಹೋದದ್ದು ಮರಳಿ ಬರುವುದಿಲ್ಲವೆಂದೂ ಹೇಳಿದರು. ಎರಡು ವರ್ಷದಿಂದ ಅವರು ಏನನ್ನು ನೋಡಿದರೂ ತಲೆ ಓರೆಮಾಡಿ ನೋಡುತ್ತಿದ್ದರು. ನಾನು ಅದನ್ನು ಓನರ್‌ಗಳ ಅನುಮಾನದ ನೋಟ ಎಂದು ಹೆಂಡತಿಯೊಡನೆ ಗೇಲಿ ಮಾಡಿದ್ದೆ. ಇಂದಿರಾನಗರದವರ ಕಣ್ಣೆಲ್ಲ ನೋಡುವವನಿಗೆ ತಲೆಯ ಮೇಲಿದ್ದ ಮನೆಯವರ ಕಣ್ಣು ಕಾಣಲಿಲ್ಲ. ಆ ನಾಚಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

"ಮೊದ್ಲೇ ಹೇಳ್ಬಾರ್ದಿತ್ತಾ ಆಂಟಿ?" ಎಂದೆ, ವಾಪಸು ಬರುವಾಗ.

"ಹೇಳಿದ್ರೆ ನೀನು ನನ್ನನ್ನ ಮೇಲೆ ಮನೇಲೇ ಕೂರಿಸ್ತಿದ್ದೆ. ವಾರಕ್ಕೊಂದಿನ ನನಗೆ ಇದ್ದಿದ್ದು ಅದೊಂದೇ ಕೆಲ್ಸ" ಎಂದರು. ಆಮೇಲೆ ಸೊಂಟದಿಂದ ಬಾಟಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಇನ್ಮೇಲೆ ನೀನೇ ಇಡು. ಪೂರ್ತಿ ಕಂಡ್ರೆ ಮಾತ್ರ ಇಡು ಡಾಕ್ಟ್ರೇ."

ಆ ಬೆಸುಗೆಯನ್ನೆಲ್ಲ ತೋಡಿ ತೆಗೆದು ಹೊಸದಾಗಿ ಬೆಸೆಯಲು, ಹಳೆಯ ಆರನ್ನೂ ಚಾಕ್ ಹಾಕಿ ನೋಡಲು ಎರಡು ಭಾನುವಾರ ಹಿಡಿಯಿತು. ಆಂಟಿಯನ್ನು ನಾನು ಮೇಲೆ ಕೂರಿಸಲಿಲ್ಲ. ಮಣೆಯ ಮೇಲೆ ಕೂತು ಉಗುರು ಓಡಿಸಿ, "ಇಲ್ಲಿ ತಗ್ಗಿದೆ", "ಇಲ್ಲಿ ಅವಸರ ಮಾಡಿದೀಯ" ಎಂದು ಬಯ್ಯುತ್ತಲೇ ಇದ್ದರು. ಉಗುರಿಗೆ ಕಾಣುವುದು ನನಗೆ ಕಾಣುತ್ತಿರಲಿಲ್ಲ, ಅದಕ್ಕೇ ಅಲ್ಲಿ ನಾನು ಚುಕ್ಕೆ ಇಡಲಿಲ್ಲ. ಮೂರು ಸಲ ಉದುರಿಸಿದ ಚಾಕ್‌ಪುಡಿಯಲ್ಲಿ ಒಮ್ಮೆಯೂ ಗೆರೆ ಮೂಡದ ಮೇಲೆ ಮಗಳನ್ನು ಬೆಟ್ಟಕ್ಕೆ ಕರೆದೊಯ್ದೆವು. ಮುಂದಿನ ಸೀಟಿನಲ್ಲಿ ಆಂಟಿಯೂ ಇದ್ದರು. ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡಿನ ಮೇಲೆ ಅವರ ಹೆಬ್ಬೆರಳು ಓಡಾಡುತ್ತಿತ್ತು.

ಹೋದ ವರ್ಷ ಅವರು ಹೋಗಿಬಿಟ್ಟರು. ನಾಲ್ಕು ದಿನದ ಜ್ವರ, ಅಷ್ಟೇ. ಅವರ ಕೈ ಜೋಡಿಸುವಾಗ ನೋಡಿದೆ, ಆ ಉಗುರು ಹಾಗೆಯೇ ಇತ್ತು, ತುದಿ ನೇರವಾಗಿ ಉಜ್ಜಿಕೊಂಡಿದ್ದರು.

ಮೊನ್ನೆ ಚಾಸಿಗೆ ಹೊಸ ಬಣ್ಣ ಹೊಡೆದೆ. ಆರು ಕೆಂಪು ಚುಕ್ಕೆಗಳ ಬೆಸುಗೆಯನ್ನೂ ಚಾಕ್ ಹಾಕಿ ಮತ್ತೆ ನೋಡಿ, ಅವುಗಳ ಮೇಲೂ ಬಣ್ಣ ಬಳಿದೆ. ಅವರು ಉಜ್ಜಿದ ಆ ರೂಪಾಯಿಯಗಲ ಜಾಗಕ್ಕೆ ಬಳಿಯಲಿಲ್ಲ. ತುಕ್ಕು ಹಿಡಿಯಬಾರದೆಂದು ಎಂದಿನಂತೆ ಅಲ್ಲಿಗೆ ಬೆರಳಲ್ಲಿ ಗ್ರೀಸ್ ಸವರುತ್ತಿದ್ದಾಗ ಮಗಳು ಬಗ್ಗಿ ನೋಡಿದಳು.

"ಅಲ್ಲಿ ಏನೂ ಇಲ್ವಲ್ಲಪ್ಪ, ಯಾಕೆ ಬಿಟ್ಟೆ?"

"ಅಲ್ಲಿದ್ದಿದ್ದನ್ನ ಪಾಟಿ ಅಳಿಸಿದ್ರು" ಎಂದೆ. ಆಂಟಿಯನ್ನು ಅವಳು ತಮಿಳಿನಲ್ಲಿ ಪಾಟಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದಳು. ಅವಳು ತನ್ನ ಪುಟ್ಟ ಹೆಬ್ಬೆರಳಿನ ಉಗುರನ್ನು ಆ ಹೊಳೆಯುವ ಕಬ್ಬಿಣದ ಮೇಲೆ ಒಮ್ಮೆ ಓಡಿಸಿ, "ಬಿರುಕಿಲ್ಲ" ಅಂದಳು.